ಕಾಲ ಎಣಿಸೋರು ಯಾರು?

ತುಂಗಭದ್ರೆಯ ಎಡದಂಡೆ ಕಾಲುವೆ ಬಂತು, ಸಿಂಧನೂರಿನ ನೆಲಕ್ಕೆ ಬೆಲೆ ಬಂತು. ದಲಿತರಿಗೆ ಸರ್ಕಾರ ಕೊಟ್ಟ ಹೊಲ ಹೆಬ್ಬೆಟ್ಟಿನ ಗುರುತಿಗೆ ಕೈಬಿಟ್ಟು ಹೋಗೋದನ್ನು ಲಿಂಗಸುಗೂರು, ಮಸ್ಕಿಯವರಿಗೆ ನಾವು ಹೇಳಿಕೊಡಬೇಕೇನು?

ಷರತ್ತು ಮೀರಿದ ಇಂಥ ಮಾರಾಟ ಅಸಿಂಧು ಎಂದಿತು 1978ರ ಪಿ.ಟಿ.ಸಿ.ಎಲ್. ಕಾಯ್ದೆ. 1984ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. 2017ರಲ್ಲಿ ಅದೇ ಕೋರ್ಟು, ‘ಸಮಂಜಸ ಕಾಲ’ದೊಳಗೆ ಅರ್ಜಿ ಹಾಕಬೇಕಿತ್ತು ಎಂದಿತು. ಕಾಯ್ದೆಯಲ್ಲಿಲ್ಲದ ಗಡುವು! ಹೆಬ್ಬೆಟ್ಟಿನ ಅಪ್ಪನಿಗೆ ಆ ಕಾಯ್ದೆ ಓದಿ ಹೇಳಲು ಮಕ್ಕಳು ಡಿಗ್ರಿ ಮುಗಿಸಬೇಕಾಯಿತು. ಅದು ಸಮಂಜಸ ಕಾಲ ಅಲ್ಲೇನು?

2023ರಲ್ಲಿ ಶಾಸಕರು ಕಾಲಮಿತಿ ಇಲ್ಲವೆಂದು ಕಾಯ್ದೆ ತಿದ್ದಿದರು. ಹಾಗಂತ ಅವರಿಗೆ ಜೈ ಅನ್ನಲಾರೆವು. ಬೇಸಾಯಗಾರರಲ್ಲದವರೂ ಹೊಲ ಕೊಳ್ಳಲಿ ಎಂದು 2020ರಲ್ಲಿ ಬಾಗಿಲು ತೆರೆದದ್ದೂ ಅದೇ ಸದನ. ಆದರೂ ಶಾಸಕ ಐದು ವರ್ಷಕ್ಕೊಮ್ಮೆ ಓಟಿಗಾಗಿ ಕೇರಿಗೆ ಬರ್ತಾನ, ಕೊರಳಪಟ್ಟಿ ಹಿಡಿದು ಕೇಳಬಹುದು. ‘ಸಮಂಜಸ’ ಎಂದ ನ್ಯಾಯಮೂರ್ತಿಯನ್ನು ಯಾವ ಓಣಿಯಲ್ಲಿ ನಿಲ್ಲಿಸಿ ಕೇಳೋಣ?