ಹಿತ್ತಲ ಗಿಡ ನೋಡಲು ಲಂಡನ್ನಿಗೆ

ನಮ್ಮ ಮನೆಯಲ್ಲಿ ಎರಡು ಗಾದೆಗಳು ಒಂದು ವರ್ಷ ಪೂರ್ತಿ ಜಗಳವಾಡಿದವು. ಒಂದು ‘ದೇಶ ಸುತ್ತು, ಕೋಶ ಓದು’. ಇನ್ನೊಂದು ‘ಹಿತ್ತಲ ಗಿಡ ಮದ್ದಲ್ಲ’. ಮೊದಲನೆಯದನ್ನು ಹಿಡಿದು ಕೂತವಳು ನನ್ನ ಮಗಳು. ಎರಡನೆಯದನ್ನು ಎತ್ತಿ ಆಡಿದವರು ನಮ್ಮ ಅತ್ತೆ.

ಮೈಸೂರಿನಲ್ಲಿ ಬಿ.ಎ. ಮುಗಿಸಿದ ಮಗಳು, ಭಾರತದ ಶಿಲ್ಪಕಲೆಯ ಇತಿಹಾಸವನ್ನು ಓದಲು ಲಂಡನ್ನಿಗೆ ಹೋಗುತ್ತೇನೆ ಎಂದಳು. ಅತ್ತೆ ಹುರುಳಿ ಆರಿಸುತ್ತಿದ್ದವರು ಮೊರವನ್ನು ಕೆಳಗಿಟ್ಟು, “ಕಲ್ಲು ನೋಡೋಕೆ ಸಮುದ್ರ ದಾಟಬೇಕೇನೇ? ಹಳೇಬೀಡಿನ ಕಲ್ಲೆಲ್ಲ ಸವೆದುಹೋಯ್ತಾ?” ಎಂದು ಕೇಳಿದರು. ನಮ್ಮೂರಿನಿಂದ ಹಳೇಬೀಡಿಗೆ ಬಸ್ಸಿನಲ್ಲಿ ಒಂದೇ ಗಂಟೆ. ಮಗಳ ಹತ್ತಿರ ಉತ್ತರವಿತ್ತು, ಆದರೆ ಅದು ಅಜ್ಜಿಗೆ ಹೇಳುವಂಥದ್ದಲ್ಲ. ನನ್ನ ಹತ್ತಿರ ಉತ್ತರವೇ ಇರಲಿಲ್ಲ. ಮೂವತ್ತು ವರ್ಷದ ಹತ್ತಿರ ಹೈಸ್ಕೂಲಿನ ಮಕ್ಕಳಿಗೆ ಇತಿಹಾಸ ಹೇಳಿದವಳು ನಾನು. ಆದರೂ ಆ ಮುದುಕಿಯ ಪ್ರಶ್ನೆ ನನಗೆ ಪಾಠದ ಹೊರಗಿನದಾಗಿತ್ತು.

ನಮ್ಮವರು ಬಹಳ ಮಾತಾಡುವವರಲ್ಲ. ಅವಳ ಮದುವೆಗೆಂದು ಇಟ್ಟಿದ್ದ ಮೂವತ್ತು-ನಲವತ್ತರ ಸೈಟನ್ನು ಮಾರಿದರು. 2018ರ ಸೆಪ್ಟೆಂಬರಿನಲ್ಲಿ ಮಗಳು ಹೊರಟಳು. ಚಟ್ನಿಪುಡಿ, ಹುರಿಗಾಳು, ಎರಡು ಸ್ವೆಟರು, ಅಜ್ಜಿ ಕೊಟ್ಟ ವಿಭೂತಿಗಟ್ಟಿ ಅವಳ ಜೊತೆ ಹೋದವು.

ಅವಳು ಸೇರಿದ್ದು ಲಂಡನ್ ವಿಶ್ವವಿದ್ಯಾಲಯಕ್ಕೆ ಸೇರಿದ, ಏಷ್ಯಾ ಮತ್ತು ಆಫ್ರಿಕಾಗಳ ಅಧ್ಯಯನಕ್ಕೆಂದೇ ಇರುವ ಸಂಸ್ಥೆಯನ್ನು. 1916ರಲ್ಲಿ ಅದನ್ನು ಸ್ಥಾಪಿಸಿದ ಉದ್ದೇಶಗಳಲ್ಲಿ ಒಂದು, ತಮ್ಮ ಸಾಮ್ರಾಜ್ಯವನ್ನು ಆಳಲು ಹೊರಡುವ ಅಧಿಕಾರಿಗಳಿಗೆ ನಮ್ಮಂಥವರ ಭಾಷೆಗಳನ್ನು ಕಲಿಸುವುದು. ನಮ್ಮನ್ನು ಆಳಲು ಕಲಿಸಿದ ಶಾಲೆಯಲ್ಲಿ ನಮ್ಮ ಹುಡುಗಿ ನಮ್ಮದನ್ನೇ ಕಲಿಯಲು ಕೂತಳು. ಹೆಣ್ಣುಮಕ್ಕಳ ಮಟ್ಟಿಗೆ ಆ ವಿಶ್ವವಿದ್ಯಾಲಯಕ್ಕೆ ಒಂದು ಹಿರಿಮೆಯಿದೆ ಎಂಬುದನ್ನೂ ಹೇಳಬೇಕು. 1878ರಲ್ಲೇ ಅದು ಹೆಂಗಸರಿಗೆ ಪದವಿಯ ಬಾಗಿಲು ತೆರೆಯಿತು. ಆಕ್ಸ್‌ಫರ್ಡ್ ಹೆಂಗಸರಿಗೆ ಪದವಿ ಕೊಡಲು 1920 ಬರಬೇಕಾಯಿತು, ಕೇಂಬ್ರಿಡ್ಜ್ ಪೂರ್ಣ ಪದವಿ ಕೊಡಲು 1948. ದೊಡ್ಡ ಹೆಸರಿನವರು ಯಾವಾಗಲೂ ದೊಡ್ಡ ಮನಸ್ಸಿನವರೇ ಆಗಿರುವುದಿಲ್ಲ.

2019ರ ಬೇಸಿಗೆ ರಜೆಯಲ್ಲಿ ಪ್ರಾವಿಡೆಂಟ್ ಫಂಡಿನಿಂದ ಸ್ವಲ್ಪ ತೆಗೆದುಕೊಂಡು ನಾನೂ ಹತ್ತು ದಿನಕ್ಕೆ ಹೋಗಿ ಬಂದೆ. ರಾಣಿಯ ಅರಮನೆ, ದೊಡ್ಡ ಗಡಿಯಾರ, ಸೇತುವೆ ಎಲ್ಲ ನೋಡಿದೆ. ಅವನ್ನು ನೀವು ಟಿ.ವಿ.ಯಲ್ಲಿ ನನಗಿಂತ ಚೆನ್ನಾಗಿ ನೋಡಿರುತ್ತೀರಿ. ನಾನು ಹೇಳಬೇಕಾದದ್ದು ಒಂದು ಹುಲಿಯ ವಿಷಯ.

ದಕ್ಷಿಣ ಕೆನ್ಸಿಂಗ್ಟನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಟಿಪ್ಪುವಿನ ಹುಲಿ ಇತ್ತು. ಮರದ ಹುಲಿ, ಅದರ ಅಡಿಯಲ್ಲಿ ಬಿದ್ದಿರುವ ಮರದ ಬಿಳಿಯ. ಪಕ್ಕದ ಹಿಡಿಕೆ ತಿರುಗಿಸಿದರೆ ಬಿಳಿಯನ ಕೈ ಮೇಲೆ ಕೆಳಗೆ ಆಡುತ್ತದೆ, ಅವನು ನರಳುತ್ತಾನೆ, ಹುಲಿ ಗುರುಗುಟ್ಟುತ್ತದೆ. ಹೊಟ್ಟೆಯೊಳಗೆ ಪುಟ್ಟ ಆರ್ಗನ್ ವಾದ್ಯವೇ ಇದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅರಮನೆಯಿಂದ ಅದನ್ನು ಹೊತ್ತೊಯ್ದರು. 1808ರಿಂದ ಲಂಡನ್ನಿನ ಲೆಡೆನ್‌ಹಾಲ್ ಬೀದಿಯ ಕಂಪೆನಿ ಕಚೇರಿಯಲ್ಲಿ ಜನರಿಗೆ ತೋರಿಸಿದರು. ಬಂದವರೆಲ್ಲ ಹಿಡಿಕೆ ತಿರುಗಿಸಿ ಕೂಗಿಸುತ್ತಿದ್ದರಂತೆ. ಪಕ್ಕದಲ್ಲಿ ಪುಸ್ತಕ ಓದುತ್ತಿದ್ದವರಿಗೆ ಅದೊಂದು ಕಾಟವಾಗಿತ್ತಂತೆ.

ಎಷ್ಟು ಸಲ ಈ ಹುಲಿಯನ್ನು ತರಗತಿಯಲ್ಲಿ ವರ್ಣಿಸಿದ್ದೇನೋ! ಕಂಡಾಗ ಅದು ಗಾಜಿನ ಪೆಟ್ಟಿಗೆಯಲ್ಲಿ ಸುಮ್ಮನೆ ನಿಂತಿತ್ತು. ಕೋಪ ಬರುತ್ತದೆಂದುಕೊಂಡಿದ್ದೆ, ಬರಲಿಲ್ಲ. ಪರಊರಿನ ಆಸ್ಪತ್ರೆಯಲ್ಲಿ ಹತ್ತಿರದ ನೆಂಟರನ್ನು ನೋಡಿದಾಗ ಆಗುವಂಥ ಸಂಕಟವಾಯಿತು.

ಆಮೇಲೆ ಕಂಡದ್ದು ಇನ್ನೂ ಯೋಚನೆಗೆ ಹಚ್ಚಿತು. ಎಂಟೊಂಬತ್ತು ವರ್ಷದ ಇಪ್ಪತ್ತು ಮಕ್ಕಳು, ಕರಿಯರು, ಬಿಳಿಯರು, ನಮ್ಮ ಕಡೆಯ ಮುಖದವರು, ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಒಂದು ಮೂರ್ತಿಯ ಚಿತ್ರ ಬರೆಯುತ್ತಿದ್ದರು. ಅವರ ಟೀಚರು ‘ಬೇಗ ಬೇಗ’ ಅನ್ನಲಿಲ್ಲ. ಒಳಗೆ ಬರಲು ದುಡ್ಡೂ ಕೊಡಬೇಕಾಗಿರಲಿಲ್ಲ. ನಡುವೆ ಕೆಲವು ವರ್ಷ ಶುಲ್ಕವಿದ್ದು, 2001ರಲ್ಲಿ ತೆಗೆದುಹಾಕಿದರು ಎಂದು ಮಗಳು ಹೇಳಿದಳು. 1857ರಲ್ಲಿ ಆ ಸಂಗ್ರಹಾಲಯ ಅಲ್ಲಿಗೆ ಬಂದಾಗ, ಹಗಲೆಲ್ಲ ದುಡಿಯುವ ಕೂಲಿಯವರು ರಾತ್ರಿ ಬಂದು ನೋಡಲಿ ಎಂದು ಗ್ಯಾಸಿನ ದೀಪ ಹಾಕಿಸಿದ್ದರಂತೆ. ದೂರ ದೇಶಕ್ಕೆ ಹೋಗಲಾಗದವರಿಗಾಗಿ ಇಟಲಿಯ ದೊಡ್ಡ ಶಿಲ್ಪಗಳ ಅಚ್ಚುಗಳನ್ನು ತಂದಿಟ್ಟಿದ್ದಾರೆ. ಮೈಕೆಲಾಂಜೆಲೊನ ಡೇವಿಡ್‌ನ ಅಚ್ಚೂ ಅಲ್ಲಿದೆ. ರಾಜಮನೆತನದ ಹೆಂಗಸರು ಬಂದಾಗ ಅವನ ಮಾನ ಮುಚ್ಚಲು ಮಾಡಿಸಿದ್ದ ಅಂಜೂರದೆಲೆಯನ್ನೂ ಜೋಪಾನ ಮಾಡಿದ್ದಾರೆ! ನಗು ತಡೆಯಲಾಗಲಿಲ್ಲ.

ದೋಚಿದವರೂ ಅವರೇ, ಹೀಗೆ ಹಂಚಿದವರೂ ಅವರೇ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ಹೇಗೆ ತೂಗುವುದು?

ಮರುದಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಅಮರಾವತಿಯ ಸ್ತೂಪದ ಕಲ್ಲುಗಳನ್ನು ನೋಡಿದೆವು. ನಮ್ಮ ಬಿಜಾಪುರ, ರಾಯಚೂರು ದಾಟಿ ಹರಿಯುವ ಕೃಷ್ಣೆಯ ದಡದಲ್ಲೇ ಎದ್ದ ಸ್ತೂಪ ಅದು. 1845ರಲ್ಲಿ ವಾಲ್ಟರ್ ಎಲಿಯಟ್ ಎಂಬ ಅಧಿಕಾರಿ ಅಗೆಸಿದ, 1859ರಲ್ಲಿ ಕಲ್ಲುಗಳು ಲಂಡನ್ ಸೇರಿದವು. ಅದೇ ಸ್ತೂಪದ ಇನ್ನಷ್ಟು ಕಲ್ಲುಗಳು ಚೆನ್ನೈನ ಎಗ್ಮೋರಿನಲ್ಲಿವೆ. ಒಂದೇ ಕಥೆಯ ಹಾಳೆಗಳನ್ನು ಎರಡು ಖಂಡಗಳಲ್ಲಿ ಇಟ್ಟ ಹಾಗೆ.

ಅಲ್ಲಿ ನಿಂತು ಮಗಳನ್ನು ಕೇಳಿಯೇಬಿಟ್ಟೆ. “ಅಜ್ಜಿ ಕೇಳಿದ್ದು ನಿಜ ಅಲ್ವೇನೇ? ನಮ್ಮದನ್ನ ನೋಡೋಕೆ ಇವರ ಮನೆ ಬಾಗಿಲಿಗೆ ಬರಬೇಕಾ?”

“ಅಮ್ಮ, ಹಳೇಬೀಡಲ್ಲಿ ನಾನು ಹಳೇಬೀಡು ಮಾತ್ರ ನೋಡಿದ್ದೆ. ಇಲ್ಲಿ ಬೆಳಿಗ್ಗೆ ಈಜಿಪ್ಟು, ಮಧ್ಯಾಹ್ನ ಗ್ರೀಸು, ಸಂಜೆ ಅಮರಾವತಿ ನೋಡ್ತೀನಿ. ಪಕ್ಕದಲ್ಲಿ ಇನ್ನೊಂದನ್ನ ಇಟ್ಟು ನೋಡಿದಾಗಲೇ ನಮ್ಮ ಶಿಲ್ಪಿ ಏನು ಮಾಡಿದಾನೆ ಅಂತ ತಿಳಿಯೋದು,” ಎಂದಳು. ಸ್ವಲ್ಪ ಹೊತ್ತು ಬಿಟ್ಟು, “ಆದ್ರೆ ಪಕ್ಕಪಕ್ಕ ಬಂದದ್ದು ಹೇಗೆ ಅಂತ ನೆನೆಸಿಕೊಂಡ್ರೆ ಊಟ ಸೇರಲ್ಲ,” ಎಂದೂ ಸೇರಿಸಿದಳು.

ಕೆಳಗೆ ಜನ ಮುತ್ತಿಕೊಂಡಿದ್ದ ರೊಸೆಟ್ಟಾ ಕಲ್ಲನ್ನು ತೋರಿಸಿದಳು. ಅದೂ 1799ರಲ್ಲೇ ಈಜಿಪ್ಟಿನಲ್ಲಿ ಫ್ರೆಂಚ್ ಸೈನಿಕರಿಗೆ ಸಿಕ್ಕಿದ್ದು, ಅವರು ಸೋತ ಮೇಲೆ ಇಂಗ್ಲಿಷರ ಪಾಲಾದದ್ದು. ಶ್ರೀರಂಗಪಟ್ಟಣದ ಹುಲಿಗೂ ಈಜಿಪ್ಟಿನ ಕಲ್ಲಿಗೂ ಒಂದೇ ವರ್ಷ. ಆ ಕಲ್ಲಿನ ಮೂರು ಲಿಪಿಗಳ ಬಲದಿಂದ ಮರೆತೇಹೋಗಿದ್ದ ಒಂದು ಲಿಪಿಯನ್ನು ಲೋಕ ಮತ್ತೆ ಓದಲು ಕಲಿಯಿತು. ಆ ಜ್ಞಾನ ಸುಳ್ಳೇ? ಅಲ್ಲ. ಆ ಜ್ಞಾನ ಬಂದ ದಾರಿ ಸರಿಯೇ? ಅದೂ ಅಲ್ಲ.

ಹಿಂತಿರುಗಿಸುವುದು ಆಗದ ಮಾತೇನಲ್ಲ. ತಮಿಳುನಾಡಿನ ಪತ್ತೂರಿನಲ್ಲಿ 1976ರಲ್ಲಿ ಮಣ್ಣಿನಡಿ ಸಿಕ್ಕ ಕಂಚಿನ ನಟರಾಜ ಕಳ್ಳದಾರಿಯಲ್ಲಿ ಲಂಡನ್ ಸೇರಿದ್ದ. ಅಲ್ಲಿನ ನ್ಯಾಯಾಲಯದಲ್ಲೇ ವ್ಯಾಜ್ಯ ನಡೆದು, ಪಾಳುಬಿದ್ದ ಆ ಗುಡಿಯ ಹಕ್ಕನ್ನು ಎತ್ತಿಹಿಡಿದು, 1991ರಲ್ಲಿ ಅವನನ್ನು ಕಳಿಸಿಕೊಟ್ಟರು. ಆದರೆ ಬ್ರಿಟಿಷ್ ಮ್ಯೂಸಿಯಮ್ಮಿನವರು ಕೆಲವು ಸಂದರ್ಭಗಳನ್ನು ಬಿಟ್ಟರೆ ಏನನ್ನೂ ಕೊಡದಂತೆ 1963ರ ಕಾಯಿದೆಯೊಂದು ಕೈಕಟ್ಟಿದೆ. ದೊಡ್ಡವರ ಈ ಲೆಕ್ಕ ದೊಡ್ಡವರೇ ತೀರಿಸಲಿ. ನನ್ನ ಲೆಕ್ಕವೇ ಬೇರೆ ಇದೆ ಎಂದು ನನಗೆ ತಿಳಿದದ್ದು ಊರಿಗೆ ಬಂದ ಮೇಲೆ.

ಜೂನಿನಲ್ಲಿ ಶಾಲೆ ತೆರೆದ ವಾರ, ಹಾಜರಿ ಪುಸ್ತಕಕ್ಕೆ ರಟ್ಟು ಹಾಕಿಸಲು ಬಸ್ ಸ್ಟ್ಯಾಂಡಿನ ಹತ್ತಿರದ ಜೆರಾಕ್ಸ್ ಅಂಗಡಿಗೆ ಹೋದೆ. ಅಂಗಡಿಯಲ್ಲಿದ್ದವಳು ನನ್ನ ಹಳೆಯ ವಿದ್ಯಾರ್ಥಿನಿ. ಅದು ಅವಳ ಗಂಡನ ಅಂಗಡಿ.

“ಮಿಸ್, ಲಂಡನ್ನಿಗೆ ಹೋಗಿದ್ರಂತೆ! ಟಿಪ್ಪು ಹುಲಿ ನೋಡಿದ್ರಾ? ಕೂಗೋದು ಕೇಳಿಸ್ತಾ?”

ಇಷ್ಟು ಜನ ಬಂಧುಬಳಗದವರು ಬಂದು ಮಾತಾಡಿಸಿ ಹೋಗಿದ್ದರು. ಚಳಿ ಹೇಗೆ, ಸಾಮಾನಿನ ಬೆಲೆ ಹೇಗೆ, ಮಗಳಿಗೆ ಅಲ್ಲೇ ಕೆಲಸ ಸಿಗತ್ತಾ ಎಂದು ಕೇಳಿದ್ದರು. ಹುಲಿಯನ್ನು ಕೇಳಿದವಳು ಇವಳೊಬ್ಬಳೇ.

ಆಗ ನೆನಪಾಯಿತು. 2009ರಲ್ಲಿ ಹತ್ತನೇ ತರಗತಿಯಲ್ಲಿದ್ದ ಹುಡುಗಿ ಇವಳು. ಇತಿಹಾಸದಲ್ಲಿ ಶಾಲೆಗೇ ಮೊದಲು. ಫಲಿತಾಂಶ ಬಂದ ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, “ಮಿಸ್, ಪಿ.ಯು.ಸಿ.ಗೆ ಆರ್ಟ್ಸ್ ತಗೊಳ್ಳಲಾ? ಹಿಸ್ಟರಿ ಓದಬೇಕು ಅಂತ ಆಸೆ,” ಎಂದು ಕೇಳಿದ್ದಳು. ಅವಳಪ್ಪ ಅಕ್ಕಿ ಗಿರಣಿಯಲ್ಲಿ ಹಮಾಲಿ. “ಆರ್ಟ್ಸ್ ತಗೊಂಡು ಏನಮ್ಮ ಮಾಡ್ತೀಯ? ಕಾಮರ್ಸ್ ತಗೊ, ಎಲ್ಲಾದ್ರೂ ಲೆಕ್ಕ ಬರೆಯೋ ಕೆಲಸ ಸಿಗತ್ತೆ,” ಎಂದಿದ್ದೆ. ಅವಳು ಹಾಗೇ ಮಾಡಿದಳು. ಗಿರಣಿಯಲ್ಲೇ ಎರಡು ವರ್ಷ ಲೆಕ್ಕ ಬರೆದಳು, ಮದುವೆಯಾದಳು.

ನಾನು ಕೊಟ್ಟದ್ದು ಕೆಟ್ಟ ಸಲಹೆಯೆಂದು ಯಾರೂ ಹೇಳಲಾರರು. ನಿಮ್ಮಲ್ಲಿ ಟೀಚರುಗಳಿದ್ದರೆ ನೀವೂ ಅದನ್ನೇ ಹೇಳಿರುತ್ತೀರಿ. ಬಡವರ ಮನೆಗೆ ಮೊದಲು ಅನ್ನ ಬರಬೇಕು. ಆದರೆ ಅದೇ ಬಾಯಿಂದ ಒಂಬತ್ತು ವರ್ಷದ ಮೇಲೆ ಮಗಳಿಗೆ “ನಿನಗೆ ಇಷ್ಟವಾದದ್ದು ಓದು” ಅಂದೆನಲ್ಲ! ಒಬ್ಬಳಿಗೆ ಹೊಟ್ಟೆಯ ಅಳತೆ, ಒಬ್ಬಳಿಗೆ ಮನಸ್ಸಿನ ಅಳತೆ. ನಡುವೆ ಇದ್ದದ್ದು ಮೂವತ್ತು-ನಲವತ್ತರ ಒಂದು ಸೈಟು. ವಿದ್ಯೆಗೆ ಭೇದವಿಲ್ಲ ಎಂದು ಬೋರ್ಡಿನ ಮೇಲೆ ಸುವಿಚಾರ ಬರೆಸುವವಳೂ ನಾನೇ.

ಹುಲಿಯನ್ನು ಗಾಜಿನೊಳಗಿಟ್ಟು ಸುಮ್ಮನಾಗಿಸಿದವರ ಮೇಲೆ ಸಂಕಟಪಟ್ಟು ಬಂದವಳು ನಾನು. ನಮ್ಮೂರಿನಲ್ಲೇ ಒಂದು ಆಸೆಯನ್ನು, ಅದೂ ಒಳ್ಳೆಯ ಮಾತಿನಲ್ಲೇ, ಸುಮ್ಮನಾಗಿಸಿದ್ದು ಯಾರು? ಕಾಮರ್ಸೇ ಓದು, ಇತಿಹಾಸವನ್ನು ಬಿಡಬೇಡ, ಭಾನುವಾರ ಮನೆಗೆ ಬಾ, ಪುಸ್ತಕ ಕೊಡುತ್ತೇನೆ ಎನ್ನಬಹುದಿತ್ತು. ಅದಕ್ಕೆ ಸೈಟು ಮಾರಬೇಕಾಗಿರಲಿಲ್ಲ. ಅಷ್ಟೂ ನನಗೆ ಹೊಳೆಯಲಿಲ್ಲ.

ಅತ್ತೆಯ ಪ್ರಶ್ನೆಗೆ ಈಗ ನನ್ನ ಹತ್ತಿರ ಒಂದು ಉತ್ತರವಿದೆ. ಹೋಗಬಹುದು, ಲೋಕವನ್ನು ನೋಡಿದ ಕಣ್ಣಿಗೆ ಹಿತ್ತಲ ಗಿಡವೂ ಮದ್ದಾಗಿ ಕಾಣುತ್ತದೆ. ಆದರೆ ಹೋದವರು ಹೋಗಲಾಗದವರಿಗೆ ಸಾಲಗಾರರು. ಮಗಳು ಈಗ ಮೈಸೂರಿನಲ್ಲಿ ಹಳೆಯ ಹಸ್ತಪ್ರತಿಗಳ ಪಟ್ಟಿ ಮಾಡುವ ಕೆಲಸದಲ್ಲಿದ್ದಾಳೆ. ಎಂಜಿನಿಯರ್ ಆದ ಚಿಕ್ಕಪ್ಪನ ಮಗನ ಸಂಬಳದ ಕಾಲು ಭಾಗವೂ ಬರುವುದಿಲ್ಲ. ರಜೆಯಲ್ಲಿ ಬಂದು ನಮ್ಮ ಶಾಲೆಯ ಮಕ್ಕಳಿಗೆ ಚಿತ್ರ ತೋರಿಸಿ ಮಾತಾಡುತ್ತಾಳೆ. ತನ್ನ ಸಾಲವನ್ನು ಅವಳು ಕಂತಿನಲ್ಲಿ ತೀರಿಸುತ್ತಿದ್ದಾಳೆ.

ನನ್ನದು? ಆ ಡಿಸೆಂಬರಿನಲ್ಲಿ ಹಳೇಬೀಡಿನ ಪ್ರವಾಸಕ್ಕೆ ಆ ಹುಡುಗಿಯನ್ನೂ ಕರೆದೆ. ಮೊದಲಾದರೆ ಅರ್ಧ ಗಂಟೆಯಲ್ಲಿ ಗುಡಿ ಸುತ್ತಿಸಿ, ಪುಳಿಯೋಗರೆ ತಿನ್ನಿಸಿ, ಬೇಲೂರಿಗೆ ಬಸ್ಸು ಹತ್ತಿಸುತ್ತಿದ್ದೆ. ಆ ಸಲ ಬೇಲೂರಿಗೆ ಹೋಗಲೇ ಇಲ್ಲ. ಮಕ್ಕಳನ್ನು ಹೊಯ್ಸಳೇಶ್ವರನ ಗೋಡೆಯ ಮುಂದೆ ಕೂರಿಸಿ, ಕೆಳಗಿನ ಸಾಲಿನ ಆನೆಗಳಲ್ಲಿ ಒಂದನ್ನು ಆರಿಸಿಕೊಂಡು ಬರೆಯಿರಿ ಎಂದೆ. ಇವಳೂ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಬರೆದಳು. ಎರಡು ಗಂಟೆ ಕಳೆದದ್ದು ಯಾರಿಗೂ ತಿಳಿಯಲಿಲ್ಲ.

ಮುಕ್ತ ವಿಶ್ವವಿದ್ಯಾಲಯದ ಬಿ.ಎ. ಅರ್ಜಿಯನ್ನು ತಂದುಕೊಟ್ಟೆ. “ಮಗು ಸ್ಕೂಲಿಗೆ ಸೇರಲಿ ಮಿಸ್,” ಎಂದು ಅದನ್ನು ಗಲ್ಲಾಪೆಟ್ಟಿಗೆಯ ಕೆಳಗಿನ ಡ್ರಾಯರಿನಲ್ಲಿಟ್ಟಳು. ಮಗು ಸ್ಕೂಲಿಗೆ ಸೇರಿದೆ. ಅರ್ಜಿ ಹಳೆಯದಾಯಿತೆಂದು ಹೋದ ವರ್ಷ ಹೊಸದನ್ನು ಕೊಟ್ಟು ಬಂದಿದ್ದೇನೆ. ಜೆರಾಕ್ಸ್ ಮಾಡಿಸುವುದು ಏನೂ ಇಲ್ಲದಿದ್ದರೂ ವಾರಕ್ಕೊಮ್ಮೆ ಆ ಅಂಗಡಿಗೆ ಹೋಗುತ್ತೇನೆ.