ಪ್ರವಾಸಿಯ ಪ್ರತಿಭೂ

ವನಪರ್ವದ ಸರೋವರತೀರದಲ್ಲಿ ಯಕ್ಷನು ಧರ್ಮರಾಯನಿಗೆ ಒಡ್ಡಿದ ಪ್ರಶ್ನೆಗಳಲ್ಲಿ ಸುಖಿಯಾದವನು ಯಾರು ಎಂಬುದೂ ಒಂದು. ಅದಕ್ಕೆ ಯುಧಿಷ್ಠಿರನು ಕೊಟ್ಟ ಉತ್ತರದಲ್ಲಿ ರಾಜ್ಯದ ಮಾತಿಲ್ಲ, ಸ್ವರ್ಗದ ಮಾತಿಲ್ಲ. ಐದಾರು ದಿನಕ್ಕೊಮ್ಮೆಯೇ ಆಗಲಿ, ತನ್ನ ಮನೆಯ ಒಲೆಯ ಮೇಲೆ ಒಂದಿಷ್ಟು ಸೊಪ್ಪು ಬೇಯಿಸಿಕೊಂಡು, ಯಾರಿಗೂ ಸಾಲಗಾರನಾಗದೆ, ಪರಸ್ಥಳದಲ್ಲಿ ಅಲೆಯದೆ ಇರುವವನು ಸುಖಿ ಎಂಬುದು ಅದರ ತಾತ್ಪರ್ಯ. ವನವಾಸದ ಹನ್ನೆರಡನೆಯ ವರ್ಷದ ಕೊನೆಯಲ್ಲಿ, ಮನೆಯೂ ಇಲ್ಲದೆ ಒಲೆಯೂ ಇಲ್ಲದೆ ಇದ್ದವನ ಬಾಯಿಂದ ಬಂದ ಈ ಮಾತಿನಲ್ಲಿ ಅನುಭವದ ತೂಕವುಂಟು. ಸಾಲವನ್ನೂ ಪ್ರವಾಸವನ್ನೂ ಅವನು ಒಟ್ಟಿಗೆ ಏಕೆ ಹೆಸರಿಸಿದನೋ ನನಗೆ ಬಹುಕಾಲ ಹೊಳೆದಿರಲಿಲ್ಲ. ವಿದೇಶದಲ್ಲಿ ಬಾಡಿಗೆ ಕಾರು ಕೊಡುವವರ ಮೇಜಿನ ಮುಂದೆ ನಿಂತವರಿಗೆ ಆ ಸಂಬಂಧವು ವ್ಯಾಖ್ಯಾನದ ಸಹಾಯವಿಲ್ಲದೆಯೇ ಸ್ಪಷ್ಟವಾಗುತ್ತದೆ.

ಅಲ್ಲಿ ನಡೆಯುವ ವಿಧಿ ಹೀಗೆ. ಬಾಡಿಗೆಯನ್ನು ಮೊದಲೇ ಪಾವತಿ ಮಾಡಿದ್ದರೂ, ಚಾಲಕನು ತನ್ನ ಹೆಸರೇ ಇರುವ ಕಾರ್ಡೊಂದನ್ನು ಒಪ್ಪಿಸಬೇಕು. ಗುಮಾಸ್ತನು ಅದರ ಮೇಲಿನ ಹೆಸರನ್ನು ಚಾಲನಾ ಪರವಾನಗಿಯ ಹೆಸರಿನೊಡನೆ ಅಕ್ಷರಶಃ ಹೋಲಿಸಿ, ಯಂತ್ರದಲ್ಲಿ ಒಂದು ಮೊತ್ತವನ್ನು ನಮೂದಿಸಿ, ರಹಸ್ಯಸಂಖ್ಯೆಯನ್ನು ಒತ್ತಿಸಿಕೊಳ್ಳುತ್ತಾನೆ. ಆ ಮೊತ್ತ ಸಂಸ್ಥೆಗೆ ಸಂದಾಯವಾಗುವುದಿಲ್ಲ. ಕಾರು ಸುಸ್ಥಿತಿಯಲ್ಲಿ ಹಿಂದಿರುಗುವವರೆಗೆ ತಡೆಹಿಡಿಯಲ್ಪಟ್ಟು ನಿಂತಿರುತ್ತದೆ, ಅಷ್ಟೆ. ಹೋಟೆಲುಗಳಲ್ಲಿಯೂ ಕೋಣೆಯ ಬಾಡಿಗೆಯ ಜೊತೆಗೆ, ಅತಿಥಿಯು ತಿನ್ನಬಹುದಾದ, ಒಡೆಯಬಹುದಾದ, ಕೊಂಡೊಯ್ಯಬಹುದಾದ ವಸ್ತುಗಳ ಬಾಬತ್ತು ಇಂಥದೇ ತಡೆಯುಂಟು. ಕ್ರೆಡಿಟ್ ಕಾರ್ಡಾದರೆ ತಡೆಯಲ್ಪಡುವುದು ಇನ್ನೂ ಪಡೆಯದ ಸಾಲದ ಒಂದಂಶ. ಡೆಬಿಟ್ ಕಾರ್ಡಾದರೆ ದುಡಿದು ಕೂಡಿಟ್ಟ ಹಣವೇ ಬಂಧನಕ್ಕೊಳಗಾಗುತ್ತದೆ. ಹೋಟೆಲಿನವರು ಡೆಬಿಟ್ ಕಾರ್ಡನ್ನು ಬಹುಮಟ್ಟಿಗೆ ಒಪ್ಪುತ್ತಾರೆ. ಕಾರಿನವರಲ್ಲಿ ಅನೇಕರು ಒಪ್ಪುವುದಿಲ್ಲ.

ಇಟಲಿಯ ಪೀಸಾ ನಗರದ ವಿಮಾನನಿಲ್ದಾಣದಲ್ಲಿ, ಇಂಥದೊಂದು ಮೇಜಿನ ಸಾಲಿನಲ್ಲಿ ನನ್ನ ಮುಂದೆ ನಮ್ಮ ಕಡೆಯ ವೃದ್ಧ ದಂಪತಿಗಳಿದ್ದರು. ಯಜಮಾನರು ಅಂಗಿಯ ಒಳಜೇಬಿನಿಂದ ಪ್ಲಾಸ್ಟಿಕ್ಕಿನ ಚೀಲವೊಂದನ್ನು ತೆಗೆದು, ಅದರೊಳಗಿಂದ ಅಂತರರಾಷ್ಟ್ರೀಯ ಪರವಾನಗಿಯ ಪುಸ್ತಕವನ್ನೂ, ಅದರ ನಡುವೆ ಮಡಿಸಿಟ್ಟಿದ್ದ ರಸೀದಿಯನ್ನೂ, ಕೊನೆಗೆ ಬ್ಯಾಂಕಿನ ಡೆಬಿಟ್ ಕಾರ್ಡನ್ನೂ ಒಂದೊಂದಾಗಿ ಮೇಜಿನ ಮೇಲೆ ಸಾಲಾಗಿ ಇಟ್ಟರು. ಗುಮಾಸ್ತೆಯಾದ ಹುಡುಗಿ ಕಾರ್ಡನ್ನು ತಿರುಗಿಸಿ ನೋಡಿ, ವಿನಯದಿಂದಲೇ, ಹಿಂದಕ್ಕೆ ಸರಿಸಿದಳು.

“ಏನಂತೆ, ರೀ?” ಎಂದರು ಹೆಂಡತಿ.

“ನಮ್ಮ ದುಡ್ಡು ಆಗೋದಿಲ್ಲವಂತೆ. ಸಾಲದ ಕಾರ್ಡು ಇದ್ದರೆ ತನ್ನಿ ಅಂತಾಳೆ.”

“ಸಾಲ ಮಾಡದೆ ಇರೋದೂ ತಪ್ಪಾಯಿತೇನು?”

ಯಜಮಾನರು ಉತ್ತರ ಹೇಳಲಿಲ್ಲ. ಕಾಗದಗಳನ್ನು ಇಟ್ಟ ಕ್ರಮದಲ್ಲಿಯೇ ಚೀಲಕ್ಕೆ ಸೇರಿಸಿ, ರೈಲುನಿಲ್ದಾಣದ ದಾರಿ ಯಾವುದೆಂದು ವಿಚಾರಿಸತೊಡಗಿದರು. ಆದರೆ ಆ ತಾಯಿಯ ಪ್ರಶ್ನೆ ಅಲ್ಲಿಯೇ ಉಳಿಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಬೆಳೆದು, ಹಾಗೆಯೇ ಬಾಳಿ, ಸ್ವಂತದ ಹಣದೊಡನೆ ಬಂದವನು ಅವಿಶ್ವಾಸಕ್ಕೆ ಪಾತ್ರನೆಂದೂ, ಪರರ ಹಣದಿಂದ ವೆಚ್ಚಮಾಡಲು ಸಿದ್ಧನಾದವನು ವಿಶ್ವಾಸಕ್ಕೆ ಅರ್ಹನೆಂದೂ ಹೇಳುವ ಈ ವ್ಯವಸ್ಥೆಯಲ್ಲಿ ಧರ್ಮವೆಂಬುದು ಎಲ್ಲಿದೆ?

ವ್ಯವಹಾರದ ಕಾರಣವೇನೋ ದೂರದ್ದಲ್ಲ. ಸಂಸ್ಥೆಗೆ ಬೇಕಾದುದು ಪ್ರವಾಸಿಯ ಇಂದಿನ ಸಂಪತ್ತಲ್ಲ, ಅವನು ಕಣ್ಮರೆಯಾದ ಬಳಿಕವೂ ಅವನನ್ನು ಹಿಡಿದಿರಬಲ್ಲ ಒಂದು ಎಳೆ. ಪೀಸಾ, ಫ್ಲಾರೆನ್ಸ್, ಸಿಯೆನಾ ಮುಂತಾದ ಪ್ರಾಚೀನ ನಗರಗಳ ಒಳಗೇರಿಗಳಲ್ಲಿ ಪರವಾನಗಿಯಿಲ್ಲದ ವಾಹನಗಳಿಗೆ ಪ್ರವೇಶವಿಲ್ಲ. ಗಡಿಯಲ್ಲಿ ಯಾರೂ ತಡೆಯುವುದಿಲ್ಲ, ಕ್ಯಾಮೆರಾವೊಂದು ಕಾರಿನ ಸಂಖ್ಯೆಯನ್ನು ಮೌನವಾಗಿ ಬರೆದುಕೊಳ್ಳುತ್ತದೆ. ಪೊಲೀಸರು ಸಂಸ್ಥೆಯನ್ನು ಕೇಳುತ್ತಾರೆ. ಸಂಸ್ಥೆಯು ಚಾಲಕನ ವಿಳಾಸವನ್ನು ಕೊಟ್ಟು, ಹಾಗೆ ಕೊಟ್ಟ ಶ್ರಮಕ್ಕೆಂದು ಕಾರ್ಡಿನಿಂದ ಶುಲ್ಕವನ್ನು ವಸೂಲು ಮಾಡುತ್ತದೆ. ದಂಡದ ಪತ್ರ ಬೇರೆಯಾಗಿ ಬರುತ್ತದೆ. ವಿದೇಶೀಯರಿಗೆ ಈ ಪತ್ರವನ್ನು ಮುಟ್ಟಿಸಲು ಇಟಲಿಯ ಕಾನೂನು 360 ದಿನಗಳ ಅವಕಾಶವನ್ನಿತ್ತಿದೆ. ಯಜ್ಞವು ಮುಗಿದ ಕ್ಷಣದಲ್ಲಿಯೇ ಕ್ರಿಯೆ ನಾಶವಾಗುತ್ತದೆ, ಫಲವೋ ಕಾಲಾಂತರದಲ್ಲಿ ಬರುತ್ತದೆ, ಇವೆರಡರ ನಡುವೆ ಏನು ಉಳಿದಿರುತ್ತದೆ ಎಂಬ ಪ್ರಶ್ನೆಗೆ ಮೀಮಾಂಸಕರು ಅಪೂರ್ವವೆಂಬ ಅದೃಷ್ಟಶಕ್ತಿಯನ್ನು ಕಲ್ಪಿಸಿ ಸಮಾಧಾನ ಹೇಳಿದರಷ್ಟೆ. ಕಾರು ಹಿಂದಿರುಗಿದೆ, ಪ್ರವಾಸಿಯು ಊರು ಸೇರಿ ಆ ಗಲ್ಲಿಯನ್ನೇ ಮರೆತಿದ್ದಾನೆ. ಸಂಸ್ಥೆಯ ಕಡತದಲ್ಲಿ ಉಳಿದ ಕಾರ್ಡಿನ ಸಂಖ್ಯೆಯೊಂದೇ ಕರ್ಮವನ್ನು ಕರ್ತೃವಿನೊಡನೆ ಬೆಸೆದು ಕಾದಿರುತ್ತದೆ. ಉಳಿತಾಯದ ಖಾತೆ ಆ ವೇಳೆಗೆ ಬರಿದಾಗಿರಬಹುದು. ಸಾಲದ ಮಿತಿ ತಿಂಗಳು ತಿಂಗಳಿಗೂ ಹೊಸದಾಗುವುದು.

ಇಂತಹ ಎಳೆಯನ್ನು ನಮ್ಮ ಪೂರ್ವಿಕರು ಅರಿಯದವರಲ್ಲ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣವಾದ ಕಲ್ಯಾಣದಲ್ಲಿದ್ದು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು, ಸ್ಮೃತಿಯನ್ನನುಸರಿಸಿ, ಹೊಣೆಗಾರನಾದ ಪ್ರತಿಭೂವಿನಲ್ಲಿ ಮೂರು ಬಗೆಯನ್ನು ವಿವರಿಸುತ್ತಾನೆ. ಕರೆದಾಗ ಸಾಲಗಾರನನ್ನು ಎದುರಿಗೆ ತಂದು ನಿಲ್ಲಿಸುವೆನೆನ್ನುವವನು ದರ್ಶನ ಪ್ರತಿಭೂ. ಇವನು ನಂಬತಕ್ಕವನು, ನನ್ನ ಮಾತಿನ ಮೇಲೆ ಕೊಡು ಎನ್ನುವವನು ಪ್ರತ್ಯಯ ಪ್ರತಿಭೂ. ಅವನು ಕೊಡದಿದ್ದರೆ ನಾನೇ ಕೊಡುವೆನೆನ್ನುವವನು ದಾನ ಪ್ರತಿಭೂ. ಮೊದಲಿಬ್ಬರ ಮಾತು ಸುಳ್ಳಾದರೆ ಅವರು ಮಾತ್ರ ತೆರಬೇಕು. ಮೂರನೆಯವನ ಹೊಣೆ ಅವನ ಮಕ್ಕಳಿಗೂ ತಗಲುತ್ತದೆ. ಪೀಸಾದ ಹುಡುಗಿ ಕೇಳಿದ್ದು ಇವರನ್ನೇ, ಮೂವರನ್ನೂ ಒಂದೇ ಅಂಗೈಯಗಲದ ಹಲಗೆಯಲ್ಲಿ. ವ್ಯತ್ಯಾಸವಿರುವುದು ಇಷ್ಟರಲ್ಲಿ: ಹಿಂದಿನ ಪ್ರತಿಭೂವಿಗೆ ಸಾಲಗಾರನ ಮುಖ ಗೊತ್ತಿತ್ತು, ಕುಲ ಗೊತ್ತಿತ್ತು, ಅವನ ಎತ್ತುಗಳ ಹಲ್ಲಿನ ಲೆಕ್ಕವೂ ಗೊತ್ತಿದ್ದಿರಬಹುದು. ಇಂದಿನ ಪ್ರತಿಭೂ ನಮ್ಮ ಮುಖವನ್ನು ಕಂಡದ್ದಿಲ್ಲ. 1958ರಲ್ಲಿ ಅಮೆರಿಕದ ಒಂದು ಬ್ಯಾಂಕು ಕ್ಯಾಲಿಫೋರ್ನಿಯದ ಫ್ರೆಸ್ನೋ ನಗರದಲ್ಲಿ, ಯಾರೂ ಬೇಡದಿದ್ದರೂ, ಸುಮಾರು 60,000 ಕಾರ್ಡುಗಳನ್ನು ಅಂಚೆಯಲ್ಲಿ ಮನೆಮನೆಗೆ ಕಳಿಸಿಕೊಟ್ಟಿತು. ವಿಶ್ವಾಸವನ್ನು ಹೀಗೆ ಬಿತ್ತಿದರೆ ಮೊದಲ ಬೆಳೆ ವಂಚನೆಯದೇ ಆಗುವುದೆಂದು ಬ್ಯಾಂಕು ನಷ್ಟಪಟ್ಟು ಕಲಿಯಿತು, ಆದರೂ ಬೇಸಾಯವನ್ನು ನಿಲ್ಲಿಸಲಿಲ್ಲ. 1970ರಲ್ಲಿ ಅಂತಹ ಬೇಡದ ಕಾರ್ಡುಗಳನ್ನು ಅಲ್ಲಿನ ಕಾನೂನು ನಿಷೇಧಿಸಬೇಕಾಯಿತು.

ಇನ್ನು ತಡೆಹಿಡಿದ ಹಣದ ಸ್ವರೂಪ. ಅದು ಯಾರದು? ಸ್ವತ್ವವೆಂಬುದು ಶಾಸ್ತ್ರದಿಂದ ಮಾತ್ರ ತಿಳಿಯತಕ್ಕದ್ದೋ ಅಥವಾ ಲೋಕಸಿದ್ಧವೋ ಎಂಬ ವಿವಾದದಲ್ಲಿ ವಿಜ್ಞಾನೇಶ್ವರನು ಲೋಕಸಿದ್ಧವೆಂಬ ಪಕ್ಷವನ್ನು ಹಿಡಿದವನು. ಶಾಸ್ತ್ರದ ಗಂಧವಿಲ್ಲದ ಗಡಿನಾಡಿನವರೂ ಕೊಳ್ಳುವುದು ಮಾರುವುದು ಮಾಡುತ್ತಾರಲ್ಲ, ಅವರಿಗೂ ತನ್ನದು ಪರರದು ಎಂಬ ತಿಳಿವುಂಟಲ್ಲ ಎಂಬುದು ಅವನು ಕೊಟ್ಟ ಯುಕ್ತಿಗಳಲ್ಲಿ ಒಂದು. ಕಲ್ಯಾಣದ ಪಂಡಿತನೊಬ್ಬನಿಗೆ ಈ ಔದಾರ್ಯವಿದ್ದುದು ನನಗೆ ಸದಾ ಸಂತೋಷದ ವಿಷಯ. ಆದರೆ ಲೋಕವನ್ನೇ ಕೇಳಿದರೂ ತಡೆಹಿಡಿದ ಹಣದ ವಿಷಯದಲ್ಲಿ ಉತ್ತರ ತಡವರಿಸುತ್ತದೆ: ಅದು ಸಂಸ್ಥೆಗೆ ಸೇರಿಲ್ಲ, ನನ್ನ ಇಚ್ಛೆಗೂ ಒಳಪಟ್ಟಿಲ್ಲ. ನಮ್ಮ ಮನೆಗಳಲ್ಲಿ ತಿಮ್ಮಪ್ಪನ ಹೆಸರಿನಲ್ಲಿ ಅರಿಸಿನದ ಬಟ್ಟೆಗೆ ಕಾಸು ಕಟ್ಟಿ ಮುಡಿಪಿಡುವುದುಂಟಷ್ಟೆ. ಆ ಕಾಸು ಮನೆಯಲ್ಲಿಯೇ ಇದ್ದರೂ, ಎಷ್ಟೇ ಕಷ್ಟ ಬಂದರೂ, ಮನೆಯವರು ಅದನ್ನು ಮುಟ್ಟುವುದಿಲ್ಲ. ಮುಡಿಪಿನಲ್ಲಿ ನಮ್ಮನ್ನು ನಾವೇ ಕಟ್ಟಿಕೊಳ್ಳುತ್ತೇವೆ, ಇಲ್ಲಿ ಕಟ್ಟುವವನು ಬೇರೆ. ಸ್ಮೃತಿಕಾರರಾದರೋ ಒತ್ತೆಯಲ್ಲಿ ಕಾಪಾಡತಕ್ಕದ್ದು, ಉಪಭೋಗಿಸತಕ್ಕದ್ದು ಎಂದು ವಿಂಗಡಿಸಿ, ಕಾಪಾಡಬೇಕಾದ ಒತ್ತೆಯನ್ನು ಬಳಸಿಕೊಂಡ ಧನಿಕನಿಗೆ ಬಡ್ಡಿಯಿಲ್ಲವೆಂದು ವಿಧಿಸಿದರು. ಒತ್ತೆಯನ್ನು ಹಿಡಿದವನಿಗೂ ಒಂದು ವ್ರತವಿದೆಯೆಂಬುದು ಅವರ ಮತ. ನಮ್ಮ ಅನೇಕ ಬ್ಯಾಂಕುಗಳ ಡೆಬಿಟ್ ಕಾರ್ಡಿನಲ್ಲಿ ತಡೆಯೆಂಬುದು ಖಾತೆಯಿಂದ ಕಳೆತವಾಗಿಯೇ ತೋರಿ, ಕಾರು ಹಿಂದಿರುಗಿ ಹಲವು ದಿನಗಳಾದ ಮೇಲೆ ಮರುಜಮೆಯಾಗುತ್ತದೆ. ನಡುವೆ ವಿನಿಮಯದ ದರ ಸರಿದಿದ್ದರೆ ಹೋದಷ್ಟೇ ಹಿಂದಿರುಗುವುದಿಲ್ಲ. ಈ ಕೊರತೆಗೆ ಸಂಸ್ಥೆಯೂ ಹೊಣೆಯಲ್ಲ, ಬ್ಯಾಂಕೂ ಹೊಣೆಯಲ್ಲ.

ಇಷ್ಟಾದರೂ, ಮನುಷ್ಯನ ಮಾತಿಗಿದ್ದ ಬೆಲೆ ಹೋಗಿ ಕಾರ್ಡಿಗೆ ಬೆಲೆ ಬಂದಿತೆಂದು ನಿಟ್ಟುಸಿರು ಬಿಡುವವರ ಗುಂಪಿಗೆ ನಾನು ಸೇರಲಾರೆ. ಅತಿಥಿಯನ್ನು ದೇವರೆಂದು ಕಾಣಬೇಕೆಂಬ ಉಪನಿಷತ್ತಿನ ಆದೇಶಕ್ಕೂ, ಆ ದೇವರಿಂದಲೇ ಠೇವಣಿ ಕೇಳುವ ಹೋಟೆಲಿನ ನಿಯಮಕ್ಕೂ ಇರುವ ಅಂತರವನ್ನು ಕಂಡು ನಗಬಹುದು. ಆದರೆ ಆ ಆದೇಶವು ಗೃಹಸ್ಥನಿಗೆ, ಅನ್ನಕ್ಕೆ ಬೆಲೆ ಕಟ್ಟದವನಿಗೆ. ಪರಿಚಯವನ್ನೇ ಆಧಾರವಾಗಿಟ್ಟ ಹಳೆಯ ವಿಶ್ವಾಸವು ಪರಿಚಿತನಿಗೆ ಸುಖವಾಗಿತ್ತು; ಅಪರಿಚಿತನಿಗೆ, ಅದರಲ್ಲಿಯೂ ಬಣ್ಣ, ಭಾಷೆ, ಜಾತಿಗಳಿಂದ ಬೇರೆಯಾದವನಿಗೆ, ಅದು ಮುಚ್ಚಿದ ಬಾಗಿಲು. ವಿದೇಶೀ ವಿನಿಮಯದ ಕಟ್ಟುನಿಟ್ಟಿನ ಆ ದಶಕಗಳಲ್ಲಿ ಎಂಟು ಡಾಲರನ್ನು ಜೇಬಿನಲ್ಲಿಟ್ಟುಕೊಂಡು ಹೊರಟ ನಮ್ಮ ವಿದ್ಯಾರ್ಥಿಗಳಿಗೆ ಲಂಡನ್ನಿನಲ್ಲೋ ಷಿಕಾಗೋದಲ್ಲೋ ಯಾರದಾದರೂ ಪರಿಚಯದ ಪತ್ರ ಬೇಕಾಗಿತ್ತು. ಈಗ ನಡುರಾತ್ರಿಯಲ್ಲಿ ಐಸ್ಲೆಂಡಿಗೆ ಬಂದಿಳಿದ ಹಾಸನದ ಹುಡುಗಿಗೆ ಯಾರ ಪತ್ರವೂ ಬೇಡ; ಯಂತ್ರವು ಅವಳ ಮುಖವನ್ನು ನೋಡದು, ಆದುದರಿಂದ ಮುಖ ಸಿಂಡರಿಸದು. ನಿರ್ಮಮತೆಯಲ್ಲಿ ಒಂದು ಬಗೆಯ ಸಮದೃಷ್ಟಿಯೂ ಅಡಗಿದೆ.

ಸಾಲ ಮಾಡದೆ ಇರುವುದೂ ತಪ್ಪೇ ಎಂಬ ಪ್ರಶ್ನೆಗೆ ಮಾತ್ರ ಉತ್ತರ ಬಾಕಿಯಿದೆ. ಮನುಷ್ಯನು ಹುಟ್ಟುವಾಗಲೇ ದೇವತೆಗಳಿಗೆ, ಋಷಿಗಳಿಗೆ, ಪಿತೃಗಳಿಗೆ ಋಣಿಯಾಗಿ ಹುಟ್ಟುತ್ತಾನೆಂದು ವೇದವೇ ಹೇಳಿರುವುದರಿಂದ, ಋಣವು ನಮ್ಮಲ್ಲಿ ಕಳಂಕವಲ್ಲ, ಸಂಬಂಧದ ಒಂದು ರೂಪ. ಅದನ್ನು ತೀರಿಸಿದ ಮೇಲೆಯೇ ಮೋಕ್ಷದಲ್ಲಿ ಮನಸ್ಸಿಡಬೇಕೆಂದು ಮನು ವಿಧಿಸಿದನೇ ಹೊರತು ಋಣವೇ ಬೇಡವೆನ್ನಲಿಲ್ಲ. ಆ ದೃಷ್ಟಿಯಿಂದ, ಕಾರ್ಡಿನಿಂದ ವೆಚ್ಚಮಾಡಿ ಗಡುವಿನೊಳಗೆ ಪೂರ್ಣವಾಗಿ ತೀರಿಸುವವನಲ್ಲಿ ದೋಷವಿಲ್ಲ. ನನ್ನ ಆಕ್ಷೇಪಣೆಯಿರುವುದು ಬೇರೆಡೆಯಲ್ಲಿ. ಒತ್ತೆಯಿಟ್ಟ ಸಾಲಕ್ಕೆ ತಿಂಗಳಿಗೆ ಎಂಬತ್ತನೆಯ ಒಂದು ಪಾಲನ್ನು ಬಡ್ಡಿಯೆಂದು ಗೊತ್ತುಮಾಡಿದ ಯಾಜ್ಞವಲ್ಕ್ಯನು, ಕಾಡು ದಾಟಿ ಹೋಗುವ ವರ್ತಕನಿಗೆ ತಿಂಗಳಿಗೆ ನೂರಕ್ಕೆ ಹತ್ತು, ಸಮುದ್ರ ದಾಟುವವನಿಗೆ ನೂರಕ್ಕೆ ಇಪ್ಪತ್ತು ಎಂದು ಏರಿಸಿದನು. ಹಿಂದಿರುಗದೆ ಹೋಗಬಹುದಾದವನಿಗೆ ಕೊಟ್ಟ ಸಾಲ ಅದು, ಧನಿಕನು ಗಂಡಾಂತರವನ್ನು ಹಂಚಿಕೊಂಡುದಕ್ಕೆ ಅದು ಪ್ರತಿಫಲ. ಹಾಗಿದ್ದೂ, ಹಣದ ಸಾಲ ಬಡ್ಡಿಯೊಡನೆ ಬೆಳೆದು ಇಮ್ಮಡಿಯಾದರೆ ಅಲ್ಲಿಗೆ ನಿಲ್ಲತಕ್ಕದ್ದೆಂದು ಸ್ಮೃತಿಗಳು ಗೆರೆಯೆಳೆದವು. ಮುಂಬಯಿ ಪ್ರಾಂತದ ನ್ಯಾಯಾಲಯಗಳು ಇಂಗ್ಲಿಷರ ಕಾಲದಲ್ಲಿಯೂ ದಾಮದುಪ್ಪಟ್ಟೆಂದು ಅದನ್ನು ಹಿಂದೂಗಳ ಸಾಲಗಳಿಗೆ ಅನ್ವಯಿಸುತ್ತಿದ್ದವು. ಪ್ರವಾಸದಿಂದ ಹಿಂದಿರುಗಿದವನಿಗೆ ಬರುವ ಪಟ್ಟಿಯಲ್ಲಿ ಒಟ್ಟು ಬಾಕಿಯ ಪಕ್ಕದಲ್ಲಿಯೇ, ಕೊಟ್ಟರೆ ಸಾಕಾದ ಕನಿಷ್ಠ ಮೊತ್ತವೂ ಅಚ್ಚಾಗಿರುತ್ತದೆ. ಅಷ್ಟನ್ನೇ ಕೊಟ್ಟು ಸುಮ್ಮನಾದವನಿಗೆ ನಮ್ಮ ದೇಶದಲ್ಲಿ ಸಾಮಾನ್ಯವಾಗಿ ತಿಂಗಳಿಗೆ ಶೇಕಡ 3ಕ್ಕೂ ಮಿಗಿಲಾದ ಬಡ್ಡಿ ಬೀಳುತ್ತದೆ, ಮತ್ತು ಆ ಪಟ್ಟಿಯಲ್ಲಿ ಇಮ್ಮಡಿಯ ಗೆರೆ ಎಲ್ಲಿಯೂ ಇಲ್ಲ. ಸಮುದ್ರವನ್ನು ದಾಟಿ ಸುರಕ್ಷಿತವಾಗಿ ಮನೆಗೆ ಬಂದು ಕುಳಿತವನಿಂದ ಈ ಬಡ್ಡಿಯನ್ನು ಯಾವ ಗಂಡಾಂತರಕ್ಕಾಗಿ ಪಡೆಯುವರೆಂಬುದನ್ನು ಪ್ರತಿಭೂವಿನ ಸ್ಥಾನದಲ್ಲಿ ಕುಳಿತವರೇ ಹೇಳಬೇಕು.