ಹಾಡಿದವರ ಬೆಳಗು

ಹರಪನಹಳ್ಳಿ ತಾಲ್ಲೂಕಿನ ನೀಲಗುಂದದ ಭೀಮೇಶ್ವರ ಗುಡಿ ಕಲ್ಯಾಣ ಚಾಲುಕ್ಯರ ಕಾಲದ್ದು. ಆ ಕಾಲದ ಶಿವಾಲಯಗಳ ದಾನಶಾಸನಗಳನ್ನು ಓದಿದವರಿಗೆ ಒಂದು ಮಾತು ಮತ್ತೆ ಮತ್ತೆ ಎದುರಾಗುತ್ತದೆ: ದೇವರ ಅಂಗಭೋಗಕ್ಕೆ, ರಂಗಭೋಗಕ್ಕೆ ಎಂದು ಭೂಮಿ ಬಿಟ್ಟದ್ದು. ಅಭಿಷೇಕ, ಗಂಧ, ನೈವೇದ್ಯ ಅಂಗಭೋಗವಾದರೆ, ಹಾಡು, ಕುಣಿತ, ವಾದ್ಯ ರಂಗಭೋಗ. ಹಾಡು ಕುಣಿತವನ್ನು ಧರ್ಮ ಊರಾಚೆ ಇಡಲಿಲ್ಲ. ಗರ್ಭಗುಡಿಯ ಎದುರಿನ ರಂಗಮಂಟಪದಲ್ಲಿಯೇ ಜಾಗ ಕೊಟ್ಟು, ಹೊಲಗದ್ದೆ ಬಿಟ್ಟು ಸಾಕಿತು. ಇವತ್ತು ನಾವು ಮಾಡುವ ವಿಂಗಡಣೆಯೇ ಬೇರೆ. ಶಿವರಾತ್ರಿಯಂದು ಬೆಳತನಕ ತಾಳ ಹಿಡಿದು ಕೂತರೆ ಭಕ್ತಿ. ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲೋ ಇಂದಿರಾನಗರದಲ್ಲೋ ಕೋರಮಂಗಲದಲ್ಲೋ ಪಬ್ಬಿಗೆ ಹೋಗಿ ಬ್ಯಾಂಡಿನವರ ಹಾಡು ಕೇಳಿ ರಾತ್ರಿ ಕಳೆದರೆ ಭೋಗ. ಈ ಎರಡು ರಾತ್ರಿಗಳ ನಡುವೆ ನಿಜವಾಗಿ ಗೆರೆ ಇದ್ದರೆ ಅದು ಎಲ್ಲಿದೆ? ಜಾಗದಲ್ಲಿ ಇಲ್ಲ, ಹಾಡಿನಲ್ಲಿ ಬರುವ ದೇವರ ಹೆಸರಿನಲ್ಲೂ ಇಲ್ಲ, ಕೇಳುವವನ ಕೈಯ ಗ್ಲಾಸಿನಲ್ಲಿ ಪೂರ್ತಿಯಾಗಿ ಇಲ್ಲ. ರಾತ್ರಿಯಿಡೀ ಹಾಡಿದವರಿಗೆ ಮರುದಿನ ಎಂಥ ಬೆಳಗು ಸಿಕ್ಕಿತು ಎನ್ನುವುದರಲ್ಲಿ ಅದನ್ನು ಹುಡುಕಬೇಕು ಎಂಬುದು ನನ್ನ ವಾದ.

ಜಾಗವೇ ಪಾವಿತ್ರ್ಯ ಕೊಡುವಂತಿದ್ದರೆ ಗುಡಿಯಲ್ಲಿ ಹಾಡಿ ಕುಣಿದವರ ಬದುಕು ಎಲ್ಲರಿಗಿಂತ ಮೊದಲು ಹಸನಾಗಬೇಕಿತ್ತು. ಹಳೆಯ ಕಾಲದಲ್ಲಿ ಅವರಿಗೆ ಉಂಬಳಿ ಇತ್ತು, ಅವರೇ ಗುಡಿಗೆ ದಾನ ಕೊಟ್ಟ ಶಾಸನಗಳೂ ಇವೆ, ಇದನ್ನು ಮರೆಮಾಚಬಾರದು. ಆದರೆ ಕಾಲಕ್ರಮದಲ್ಲಿ ಉಂಬಳಿ ಹೋಯಿತು, ಗೌರವ ಹೋಯಿತು, ವಿದ್ಯೆಯೂ ಬಹುಮಟ್ಟಿಗೆ ಹೋಯಿತು. ಉಳಿದದ್ದು ಮುತ್ತು ಕಟ್ಟಿ ದೇವರಿಗೆ ಬಿಡುವ ಪದ್ಧತಿ, ಅದೂ ಬಹುಪಾಲು ದಲಿತ ಕೇರಿಗಳ ಹೆಣ್ಣುಮಕ್ಕಳ ಕೊರಳಿಗೆ. ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದಾಗಲೇ, 1947ರಲ್ಲಿ, ದೇವದಾಸಿಯಾಗಿ ಬಿಡುವುದನ್ನು ತಡೆಯುವ ಕಾಯ್ದೆ ಬಂತು. ಕರ್ನಾಟಕ 1982ರಲ್ಲಿ ತನ್ನದೇ ಕಾಯ್ದೆ ಮಾಡಿತು. ಆಮೇಲೆಯೂ ಸರ್ಕಾರ ನಡೆಸಿದ ಎರಡು ಸಮೀಕ್ಷೆಗಳಲ್ಲಿ ಲೆಕ್ಕಕ್ಕೆ ಸಿಕ್ಕವರು 46 ಸಾವಿರಕ್ಕೂ ಹೆಚ್ಚು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಸೀಮೆ ಆ ಲೆಕ್ಕದಿಂದ ಹೊರಗೆ ಉಳಿದಿಲ್ಲ. ಹಾಡಿದ್ದು ದೇವರ ಹೆಸರನ್ನೇ, ಹಾಡಿದ್ದು ದೇವರ ಎದುರಿಗೇ. ಆ ಹೆಸರು, ಆ ಸನ್ನಿಧಿ ತಮಗೆ ಬೇಡದ ಮನುಷ್ಯನ ಕೈಯಿಂದ ಅವರಲ್ಲಿ ಯಾರನ್ನೂ ಬಿಡಿಸಲಿಲ್ಲ. ಹೀಗಿರುವಾಗ ಗುಡಿಯ ರಾತ್ರಿ ತನ್ನಷ್ಟಕ್ಕೆ ತಾನೇ ಪವಿತ್ರ, ಪಬ್ಬಿನ ರಾತ್ರಿ ತನ್ನಷ್ಟಕ್ಕೆ ತಾನೇ ಹೊಲಸು ಎನ್ನುವ ಧೈರ್ಯ ನಮಗೆ ಬರಬಾರದು.

ಇದಕ್ಕೆ ಕಲೆಯ ಮೀಮಾಂಸೆಯ ಕಡೆಯಿಂದ ಒಂದು ಬಲವಾದ ಆಕ್ಷೇಪವಿದೆ. ಹಾಡಿನ ಫಲ ಕೇಳುವವನ ಅನುಭವದಲ್ಲಿದೆ. ಹಾಡುವವಳ ಮನೆ, ಕೂಲಿ, ನಿದ್ದೆ ಇವೆಲ್ಲ ಸಮಾಜದ ಪ್ರಶ್ನೆ, ರಸದ ಪ್ರಶ್ನೆಯಲ್ಲ ಎನ್ನುತ್ತದೆ ಅದು. ರಸಾಸ್ವಾದವನ್ನು ಬ್ರಹ್ಮಾಸ್ವಾದದ ಒಡಹುಟ್ಟು ಎಂದು ಕರೆದ ಪರಂಪರೆ ನಮ್ಮದು. ಅಭಿನವಗುಪ್ತನಂತೂ ನಟನನ್ನು ಮದ್ಯ ತುಂಬಿದ ಪಾತ್ರೆಗೆ ಹೋಲಿಸುತ್ತಾನೆ: ರುಚಿ ಕುಡಿದವನಿಗೆ ಗೊತ್ತು, ಪಾತ್ರೆಗೆ ಗೊತ್ತಿಲ್ಲ, ಪಾತ್ರೆ ರುಚಿಗೆ ಬರೀ ಸಾಧನ. ರಸ ಎಲ್ಲಿ ನೆಲೆಸುತ್ತದೆ ಎಂಬ ಪ್ರಶ್ನೆಗೆ ಇದು ಸೂಕ್ಷ್ಮವಾದ ಉತ್ತರ, ಅದರ ಹಿರಿಮೆಯನ್ನು ಒಪ್ಪುತ್ತೇನೆ. ಆದರೆ ಅದನ್ನು ಬದುಕಿನ ಸೂತ್ರ ಮಾಡಿಕೊಂಡಲ್ಲಿ ಅಪಾಯ ಹುಟ್ಟುತ್ತದೆ. ಕುಡಿದಾದ ಮೇಲೆ ಪಾತ್ರೆ ಏನಾಯಿತು ಎಂದು ಯಾರೂ ಕೇಳುವುದಿಲ್ಲ. ಮನುಷ್ಯರ ವಿಷಯದಲ್ಲಿ ಹಾಗೆ ಕೇಳದೆ ಇರುವುದು ಪಾಪ. ಕೇಳುಗನಿಗೆ ಬ್ರಹ್ಮಾನಂದದ ಹತ್ತಿರದ ಸುಖ ಕೊಟ್ಟ ರಾತ್ರಿಯೇ ಹಾಡುಗಾರ್ತಿಯನ್ನು ಮುರಿದಿದ್ದರೆ, ಆ ಆನಂದ ಸುಳ್ಳಲ್ಲದಿರಬಹುದು. ಧರ್ಮ ಮಾತ್ರ ಅಲ್ಲ.

ನಮ್ಮದೇ ನೆಲದಲ್ಲಿ ಇದಕ್ಕೆ ಬೇರೆ ದಾರಿ ತೋರಿದವರು ಹನ್ನೆರಡನೆಯ ಶತಮಾನದ ಶರಣರು. ಮಾರಿಯನ್ನು ಹೊತ್ತು ಢಕ್ಕೆ ಬಾರಿಸುತ್ತಿದ್ದ ಢಕ್ಕೆಯ ಬೊಮ್ಮಣ್ಣ, ಕಿನ್ನರಿ ನುಡಿಸುತ್ತಿದ್ದ ಕಿನ್ನರಿ ಬೊಮ್ಮಯ್ಯ, ವೇಷ ಕಟ್ಟುತ್ತಿದ್ದ ಬಹುರೂಪಿ ಚೌಡಯ್ಯ, ಜನರನ್ನು ನಗಿಸುತ್ತಿದ್ದ ನಗೆಯ ಮಾರಿತಂದೆ: ಇವರೆಲ್ಲರ ವಚನಗಳು ನಮಗೆ ಸಿಕ್ಕಿವೆ. ಕಲ್ಯಾಣದಲ್ಲಿ ಇವರ ವಾದ್ಯ, ವೇಷಗಳನ್ನು ಬಿಡಿಸಿ ಶುದ್ಧ ಮಾಡಲಿಲ್ಲ. ಕಸುಬು ಹೆಸರಿನ ಜೊತೆಗೇ ಉಳಿಯಿತು, ಕಸುಬಿನವನು ಮಾತಾಡುವವನಾದ. ರಂಜಿಸುವವನಿಗೂ ತನ್ನದೊಂದು ಅನುಭಾವ ಇದೆ, ಅದನ್ನು ಅವನ ಬಾಯಿಂದಲೇ ಕೇಳಬೇಕು ಎಂಬ ನಿಲುವು ಇದು. ನಮ್ಮ ಕಾಲದಲ್ಲೇ, ಹರಪನಹಳ್ಳಿ ಸೀಮೆಯ ಆಸುಪಾಸಿನಲ್ಲಿ ಇಂಥದ್ದೊಂದು ಬದುಕು ಕಣ್ಣಮುಂದಿದೆ. ಬಳ್ಳಾರಿ ಜಿಲ್ಲೆಯಲ್ಲಿ ಹುಟ್ಟಿ, ಮುತ್ತು ಕಟ್ಟಿಸಿಕೊಂಡು, ಭಿಕ್ಷೆ ಬೇಡಿ ಬದುಕಿದ ಮಂಜಮ್ಮ ಜೋಗತಿ, ಕಾಳವ್ವ ಜೋಗತಿಯಿಂದ ಜೋಗತಿ ಕುಣಿತ ಕಲಿತು, ಮರಿಯಮ್ಮನಹಳ್ಳಿಯಲ್ಲಿ ನೆಲೆ ನಿಂತರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ತಮ್ಮ ಕಥೆಯನ್ನು ಅರುಣ್ ಜೋಳದಕೂಡ್ಲಿಗಿ ಅವರಿಗೆ ಹೇಳಿ ಬರೆಸಿದ್ದಾರೆ. ‘ನಡುವೆ ಸುಳಿವ ಹೆಣ್ಣು’ ಎಂಬ ಆ ಪುಸ್ತಕ ಬಂದ ಮೇಲೆ ಜೋಗತಿಯ ಕೊಡವನ್ನು ಮಾತ್ರ ನೋಡಿ, ಹೊತ್ತವರನ್ನು ನೋಡದೆ ಹೋಗುವುದಕ್ಕೆ ಕನ್ನಡದವರಿಗೆ ನೆಪ ಉಳಿದಿಲ್ಲ. ಒಬ್ಬರು ಹಾಗೆ ಪಾರಾದರೆಂದು ಪದ್ಧತಿಗೆ ಮಾಫಿ ಸಿಗುವುದಿಲ್ಲ, ಅದು ಬೇರೆ ಮಾತು.

ಇದೇ ಅಳತೆಗೋಲನ್ನು ಬೆಂಗಳೂರಿಗೆ ಒಯ್ಯೋಣ. ಅಲ್ಲಿ ಲೈವ್ ಬ್ಯಾಂಡಿನ ಮೇಲೆ ವರ್ಷಗಟ್ಟಲೆ ವಿವಾದ ನಡೆಯಿತು. ಸಾರ್ವಜನಿಕ ಮನರಂಜನೆಯ ಸ್ಥಳಗಳಿಗೆ ಪೊಲೀಸ್ ಪರವಾನಗಿ ಬೇಕೆನ್ನುವ 2005ರ ಆದೇಶವನ್ನು ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ಎತ್ತಿಹಿಡಿಯಿತು. ಆ ವರ್ಷ ಎಷ್ಟೋ ಪಬ್ಬು, ಹೋಟೆಲುಗಳಲ್ಲಿ ಹಾಡು ನಿಂತಿತು. ಈ ವಾದವಿವಾದದಲ್ಲಿ ಸಂಸ್ಕೃತಿ ಕೆಡುತ್ತದೆ ಎಂಬ ದನಿ ಜೋರಾಗಿತ್ತು, ವ್ಯಾಪಾರ ಕೆಡುತ್ತದೆ ಎಂಬ ದನಿಯೂ ಜೋರಾಗಿತ್ತು. ಹಾಡುತ್ತಿದ್ದವರ, ಕುಣಿಯುತ್ತಿದ್ದ ಹೆಣ್ಣುಮಕ್ಕಳ ಮಾತು ಎಲ್ಲಕ್ಕಿಂತ ಸಣ್ಣದಾಗಿ ಕೇಳಿಸಿತು. ಹೊತ್ತಿಗೆ ಸರಿಯಾಗಿ ದುಡ್ಡು ಕೊಟ್ಟು, ಮೈಮುಟ್ಟಲು ಬಂದವನನ್ನು ಹೊರಗಟ್ಟಿ, ರಾತ್ರಿ ಕ್ಷೇಮವಾಗಿ ಮನೆ ಮುಟ್ಟಿಸುವ ಪಬ್ಬು ಇದ್ದರೆ, ಧರ್ಮದ ದೃಷ್ಟಿಯಿಂದ ನಾನು ಅದನ್ನು ಮುತ್ತು ಕಟ್ಟುವ ಗುಡಿಗಿಂತ ಮೇಲೆ ಇಡುತ್ತೇನೆ. ಕುಡಿತದ ಕೆಡುಕು ಚಿಕ್ಕದಲ್ಲ. ಅದು ಎಷ್ಟು ಮನೆಗಳನ್ನು ತೆಗೆದಿದೆ ಎಂದು ನಮ್ಮ ಹಳ್ಳಿಗಳ ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅದು ಕುಡಿಯುವವನ ಪ್ರಶ್ನೆ. ಹಾಡುವವರ ಮೇಲೆ ಅದರ ಭಾರ ಹೊರಿಸುವುದು ನ್ಯಾಯವಲ್ಲ.

ಇನ್ನೊಂದು ಆಕ್ಷೇಪ ರಸದ ಆಕ್ಷೇಪಕ್ಕಿಂತ ಗಟ್ಟಿ. ಹಾಡುವವರ ಬೆಳಗನ್ನೇ ಅಳತೆ ಮಾಡಿಕೊಂಡರೆ, ಕೈತುಂಬ ದುಡ್ಡು ಪಡೆದ ಪಬ್ಬಿನ ಹಾಡುಗಾರನ ರಾತ್ರಿ ದೊಡ್ಡದಾಗಿ, ಬರಿಗೈಯಲ್ಲಿ ಏಕತಾರಿ ಹಿಡಿದು ತತ್ವಪದ ಹಾಡಿದವನ ರಾತ್ರಿ ಸಣ್ಣದಾಗುವುದಿಲ್ಲವೇ? ಇಲ್ಲ, ಏಕೆಂದರೆ ನಾನು ಎಣಿಸುವುದು ದುಡ್ಡನ್ನಲ್ಲ, ಬೇಡ ಎನ್ನುವ ಅಧಿಕಾರವನ್ನು. ಭಜನೆಯವರು ತಾವಾಗಿ ಬರುತ್ತಾರೆ, ಗಂಟಲು ಕಟ್ಟಿದರೆ ತಾಳವನ್ನು ಪಕ್ಕದವರ ಕೈಗೆ ಕೊಟ್ಟು ಏಳುತ್ತಾರೆ, ಮುಂಜಾನೆ ಹೊಲಕ್ಕೆ ಹೋಗುತ್ತಾರೆ. ಊರಲ್ಲಿ ಅವರ ಬೆಲೆ ಕೂದಲೆಳೆಯಷ್ಟೂ ಕಡಿಮೆಯಾಗುವುದಿಲ್ಲ. ಬಡತನದಲ್ಲೂ ಅದು ತುಂಬಿದ ಬೆಳಗು. ಮುತ್ತು ಕಟ್ಟಿಸಿಕೊಂಡ ಹುಡುಗಿಗೆ ಇಲ್ಲವಾದದ್ದು ಈ ಏಳುವ ಸ್ವಾತಂತ್ರ್ಯವೇ. ಇಷ್ಟರಿಂದಲೇ ಒಂದು ರಾತ್ರಿ ಪವಿತ್ರವಾಗಿಬಿಡುತ್ತದೆ ಎಂದೂ ನಾನು ಹೇಳುತ್ತಿಲ್ಲ. ಭಕ್ತಿಗೆ ಇನ್ನೂ ಬಹಳಷ್ಟು ಬೇಕು. ಇದಿಲ್ಲದೆ ಉಳಿದದ್ದೆಲ್ಲ ಇದ್ದರೂ ವ್ಯರ್ಥ ಎಂಬುದಷ್ಟೇ ನನ್ನ ಮಾತು.

ರಾತ್ರಿಯ ಹಾಡಿನಿಂದ ಕೆಡುವ ಅಕ್ಕಪಕ್ಕದವರ ನಿದ್ದೆಯ ಪ್ರಶ್ನೆಯನ್ನು ಕಾನೂನು ಆಗಲೇ ಬಗೆಹರಿಸಿದೆ: 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯವಾಗಿ ಬಯಲಲ್ಲಿ ಮೈಕು ಹಚ್ಚುವಂತಿಲ್ಲ, ಅದು ಗುಡಿಗೂ ಪಬ್ಬಿಗೂ ಒಂದೇ. ಕಾನೂನು ಮುಟ್ಟದ ಜಾಗ ನಮ್ಮ ಜಾತ್ರೆಗಳಲ್ಲಿದೆ. ತೇರು ಎಳೆದ ರಾತ್ರಿ ಬಯಲಲ್ಲಿ ನಾಟಕವೋ ರಸಮಂಜರಿಯೋ ನಡೆಯುತ್ತದೆ. ಹಾಡಲು, ಕುಣಿಯಲು ಬೇರೆ ಊರಿನ ಹುಡುಗಿಯರು ವ್ಯಾನಿನಲ್ಲಿ ಬರುತ್ತಾರೆ. ವೇದಿಕೆಯ ಕೆಳಗಿನಿಂದ ಏನೇನು ಕೂಗು ಏಳುತ್ತದೆ ಎಂದು ಎಲ್ಲರಿಗೂ ಗೊತ್ತು. ಮನೆ ಮನೆಗೆ ಹೋಗಿ ಪಟ್ಟಿ ಎತ್ತಿ, ಹಗ್ಗಕ್ಕೆಷ್ಟು, ಹೂವಿಗೆಷ್ಟು, ದಾಸೋಹದ ಅಕ್ಕಿಗೆಷ್ಟು ಎಂದು ಊರ ಮುಂದೆ ಲೆಕ್ಕ ಒಪ್ಪಿಸುವ ಹಿರಿಯರು, ಆ ಹುಡುಗಿಯರ ಕೈಗೆ ಎಷ್ಟು ಮುಟ್ಟಿತು, ಅವರು ಎಲ್ಲಿ ಮಲಗಿದರು, ಕೂಗಿದವನನ್ನು ಯಾರು ಎಬ್ಬಿಸಿ ಕಳಿಸಿದರು ಎಂಬುದನ್ನೂ ಅದೇ ಲೆಕ್ಕದಲ್ಲಿ ಓದಬೇಕು. ಅದು ದೇವರ ದುಡ್ಡು.